ಅಪ್ಪನ ಕಾರಿಗೆ ತವರ

ಪಂಚಮಿ ಹಬ್ಬಕ್ಕೆ ನಾನು ತವರಿಗೆ ಹೋಗುವುದು ಲಿಫ್ಟಿನಲ್ಲಿ. ಮುಂಬಯಿಯ ವಡಾಲದ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯಿಂದ ಇಳಿದು, ಪಂಪ್ ರೂಮ್ ದಾಟಿ, ಕಂಪೌಂಡ್ ಗೋಡೆಗೆ ಒತ್ತಿ ನಿಂತಿರುವ ಹಳೆಯ ಕಪ್ಪು ಕಾರಿನ ಹಿಂದಿನ ಸೀಟಿನಲ್ಲಿ ಕೂತರೆ ತವರು ಮುಟ್ಟಿದ ಹಾಗೆ. ತೊಡೆಯ ಮೇಲೆ ಶೇಂಗಾ ಉಂಡಿ, ಜೋಳದ ಅಳ್ಳಿನ ಡಬ್ಬಿ. ಎರಡು ಉಂಡಿ ತಿನ್ನುತ್ತೇನೆ. ಅರ್ಧ ಗಂಟೆ ಬಿಟ್ಟು ನಮ್ಮ ಮನೆಯವರು ಕೆಳಗೆ ಬಂದು ಗಾಜು ಬಡಿದು, "ಮಗಳನ್ನ ಕರ್ಕೊಂಡು ಹೋಗಾಕ ಬಂದೇನ್ರಿ, ಕಳಸ್ತೀರೇನು?" ಎಂದು ಖಾಲಿ ಡ್ರೈವರ್ ಸೀಟನ್ನು ಕೇಳುತ್ತಾರೆ. ಅಲ್ಲಿಂದ ಯಾರೂ ಬೇಡ ಅನ್ನುವುದಿಲ್ಲವಾದ್ದರಿಂದ ನಾನು ಇಳಿದು ಅವರ ಜೊತೆ ಮೇಲೆ ಬರುತ್ತೇನೆ. ನೋಡಿದವರು ನಗುತ್ತಾರೆ. ನಗಲಿ.

ಕಾರು ನನ್ನ ಅಪ್ಪನದು. ಬೆಳಗಾವಿ ಕಡೆಯಿಂದ ಬಂದು ಫೋರ್ಟಿನಲ್ಲಿ ಒಬ್ಬ ಪಾರ್ಸಿ ವಕೀಲರ ಹತ್ತಿರ ಅಪ್ಪ ಇಡೀ ಆಯುಷ್ಯ ಡ್ರೈವರ್ ಆಗಿದ್ದರು. ಸಾಹೇಬರಿಗೆ ಕಣ್ಣು ಮಂಜಾಗಿ ಕೋರ್ಟಿಗೆ ಹೋಗುವುದು ನಿಂತ ಮೇಲೆ ಅವರು ಕಾರನ್ನು ಅಪ್ಪನ ಹೆಸರಿಗೇ ಮಾಡಿಕೊಟ್ಟರು. ಆಗ ನಾವು ಇದ್ದದ್ದು ಚಾಳಿನ ಒಂದೇ ಖೋಲಿಯಲ್ಲಿ. ಕಾಲು ಚಾಚಲು ಜಾಗವಿಲ್ಲದ ಮನೆಗೆ ನಾಲ್ಕು ಬಾಗಿಲಿನ ವಿಲಾಯತಿ ಕಾರು. ಊರಿಂದ ನೆಂಟರು ಬಂದರೆ ಗಂಡಸರು ಕಾರಿನಲ್ಲೇ ಮಲಗುತ್ತಿದ್ದರು. ನಾನು ಓದಿದ್ದು, ಪರೀಕ್ಷೆಗೆ ಉರು ಹೊಡೆದದ್ದು, ಅಮ್ಮನ ಮೇಲೆ ಮುನಿಸಿಕೊಂಡು ಹೋಗಿ ಕೂತದ್ದು ಎಲ್ಲ ಅದರ ಹಿಂದಿನ ಸೀಟಿನಲ್ಲಿ. ಗಾಡಿ ಓಡಿಸಲು ಅಪ್ಪ ಕಲಿಸಿದ್ದೂ ಅದರಲ್ಲೇ. ಈಗ ಅಪ್ಪ ಅಮ್ಮ ಇಬ್ಬರೂ ಇಲ್ಲ, ಒಡಹುಟ್ಟಿದವರು ಯಾರೂ ಇಲ್ಲ. ಚಾಳು ಇದ್ದ ಜಾಗದಲ್ಲಿ ಇಪ್ಪತ್ತೆರಡು ಮಹಡಿ ಎದ್ದಿವೆ. ಇದು ನನ್ನ ತವರು ಎಂದು ಬೆರಳು ಮಾಡಿ ತೋರಿಸಲು ನನಗೆ ಉಳಿದಿರುವುದು ಆ ಕಾರೊಂದೇ.

ಅದಕ್ಕೇ ಹೋದ ಮಳೆಗಾಲದಲ್ಲಿ ಸೊಸೈಟಿಯ ನೋಟೀಸು ಬಂದಾಗ ನಾನು ಅದನ್ನು ಮೂರು ಸಲ ಓದಿದ್ದು. ಸ್ವಂತ ಬಲದಿಂದ ಚಲಿಸದ ವಾಹನಗಳನ್ನು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಂಪೌಂಡಿನಿಂದ ತೆರವು ಮಾಡಲಾಗುವುದು, ಅಂತ. ಅಂಥ ವಾಹನ ಇಡೀ ಕಂಪೌಂಡಿನಲ್ಲಿ ಎಷ್ಟಿದ್ದವು? ಒಂದೇ. ನಮ್ಮ ಕಾರು ಸ್ಟಾರ್ಟ್ ಆಗದೆ ವರ್ಷದ ಮೇಲಾಗಿತ್ತು. ಪಂಚಮಿಗೆ ಇನ್ನು ಎಂಟು ದಿನ ಇತ್ತು.

ಸೆಕ್ರೆಟರಿ ಉಡುಪಿ ಕಡೆಯವರು, ಫೋರ್ಟಿನಲ್ಲಿ ಹೋಟೆಲು ನಡೆಸಿ ದಣಿದು ಈಗ ನಮ್ಮ ಸೊಸೈಟಿ ನಡೆಸುತ್ತಿದ್ದಾರೆ. ಅವರ ಬಾಗಿಲಿಗೆ ಹೋಗಿ ಜಗಳ ತೆಗೆದೆ.

"ನನ್ನನ್ನು ಬೈಬೇಡಿ ಅಕ್ಕ, ಇದು ಕಮಿಟಿಯ ತೀರ್ಮಾನ," ಎಂದರು. "ಆದಿತ್ಯವಾರ ಹತ್ತು ಗಂಟೆಗೆ ಗಾಡಿ ಅದರ ಕಾಲಲ್ಲೇ ಗೇಟಿನವರೆಗೆ ಹೋಗಿ ವಾಪಸ್ ಬರ್ಲಿ. ನಾನೇ ನಿಂತು ಚಪ್ಪಾಳೆ ಹೊಡೀತೇನೆ. ಇಲ್ಲದಿದ್ರೆ ಕ್ರೇನ್ ಬರ್ತದೆ."

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರ ಮುಖ ಅರಳಿತು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ವಿಚ್ಚು ತಯಾರಿಸುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು ರಿಟೈರ್ ಆದವರು. ಆಮೇಲೆ ಮನೆಯ ಮಿಕ್ಸರ್, ಫ್ಯಾನು, ಕರೆಗಂಟೆ ಬಿಚ್ಚಿ ಬಿಚ್ಚಿ ಬೇಸರ ಬಂದಿತ್ತು. ಕೊನೆಗೂ ಒಂದು ದೊಡ್ಡ ಬೇಟೆ ಸಿಕ್ಕಿತು.

ಅವರ ಇನ್ನೊಂದು ಗುಣ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಅನಾಹುತಕ್ಕೆಲ್ಲ ಅದೇ ಕಾರಣ. ಧಾರವಾಡದ ಹತ್ತಿರ ಹಳ್ಳಿಯಲ್ಲಿ ಕನ್ನಡ ಶಾಲೆಯಲ್ಲಿ ವಿಜ್ಞಾನ ಓದಿದವರು. ಕೆಲಸದಲ್ಲಿದ್ದಷ್ಟು ದಿನ ಹಿಂದಿ, ಮರಾಠಿ, ಇಂಗ್ಲಿಷ್ ಕಲಸಿ ಮಾತಾಡಿದ್ದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಈಗ ಎಂಟನೇ ಇಯತ್ತೆಯ ಪುಸ್ತಕದ ಕನ್ನಡಕ್ಕೆ ಮರಳಿದ್ದಾರೆ. ವೋಲ್ಟೇಜು ಅನ್ನುವುದಿಲ್ಲ, ವಿದ್ಯುತ್ ಒತ್ತಡ ಅನ್ನುತ್ತಾರೆ. ಗೀಸರ್ ಕೆಟ್ಟರೆ ಉಷ್ಣವಾಹಕ, ಅವಾಹಕ ಎಂದು ಪಾಠ ಶುರುವಾಗುತ್ತದೆ. ನಾನು ಮುಂಬಯಿಯಲ್ಲಿ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಅರ್ಧ ತಿಳಿಯುತ್ತದೆ, ಅರ್ಧಕ್ಕೆ ಹೂಂ ಅನ್ನುತ್ತೇನೆ.

ಅವರು ಮೀಟರ್ ಹಿಡಿದು ಕಾರಿನ ಮುಂದೆ ಒಂದು ಬೆಳಿಗ್ಗೆ ಕಳೆದು ರೋಗ ಹಿಡಿದರು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಬ್ಯಾಟರಿಯಿಂದ ಹೊರಡುವ ಎರಡು ದಪ್ಪ ಕೇಬಲ್ಲುಗಳ ತುದಿಯಲ್ಲಿ ಯಾವನೋ ಮೆಕ್ಯಾನಿಕ್ ಹೊಸ ನಮೂನೆಯ ಕ್ಲಿಪ್ಪು ಬಿಗಿದಿದ್ದ. ಮಳೆಗಾಲದ ತೇವಕ್ಕೆ ಅವೆರಡೂ ಹಸಿರು ಹಿಡಿದು ಬೂಷ್ಟು ಬಂದ ಉಪ್ಪಿನಕಾಯಿಯ ಹಾಗೆ ಆಗಿದ್ದವು. ಕರೆಂಟು ದಾಟಲು ದಾರಿಯೇ ಇರಲಿಲ್ಲ. ಅಪ್ಪನ ಕಾಲದಲ್ಲಿ ಅಲ್ಲಿ ಬೇರೆ ತರಹದ ತುದಿ ಇರುತ್ತಿತ್ತು: ಹಿತ್ತಾಳೆಯ ಪುಟ್ಟ ಟೋಪಿ. ಬ್ಯಾಟರಿಯ ಕಂಬದ ಮೇಲೆ ಅದನ್ನು ಕೂರಿಸಿ, ನೆತ್ತಿಯಿಂದ ಒಂದು ಸ್ಕ್ರೂ ಬಿಗಿದರೆ ಮುಗಿಯಿತು. ಟೋಪಿಯ ಪಕ್ಕದಲ್ಲಿ ಕೇಬಲ್ ತೂರಿಸಲು ಒಂದು ಚಿಕ್ಕ ಬಟ್ಟಲು ಇರುತ್ತದೆ. ಅಲ್ಲಿ ಕೇಬಲ್ಲನ್ನು ಬೆಸುಗೆ ಹಾಕಿಯೇ ಕೂರಿಸಬೇಕು, ಬಿಗಿಯಲು ಬರುವುದಿಲ್ಲ. ಹಳೇ ಮಾದರಿಯಲ್ಲಿ ಹೊಸದಾಗಿ ಮಾಡಿದ ಅಂಥ ಟೋಪಿಗಳು ಈಗಲೂ ಸಿಗುತ್ತವಂತೆ. ಬ್ಯಾಟರಿಯನ್ನು ಚಾರ್ಜಿಗೆ ಕೊಟ್ಟು, ಟೋಪಿಗಳನ್ನು ಫೋನಿನಲ್ಲಿ ಹುಡುಕಿ ತರಿಸಿದರು. ಗುರುವಾರ ಕೊರಿಯರ್ ಬಂತು.

"ನಾಳೆ ಬ್ಯಾಟರಿಗೆ ಟೋಪಿ ಹಾಕ್ತೀನಿ," ಎಂದರು ಠೀವಿಯಿಂದ.

"ಬ್ಯಾಟರಿಗೆ ಹಾಕ್ರಿ, ನನಗ ಹಾಕಬ್ಯಾಡ್ರಿ," ಎಂದೆ.

ಶುಕ್ರವಾರ ಮಧ್ಯಾಹ್ನ ಮಳೆ ಬಿಟ್ಟಿತ್ತು. ಅವರು ಎರಡೂ ಕೇಬಲ್ ಬಿಚ್ಚಿಕೊಂಡು, ಕಾರಿನ ಪಕ್ಕದಲ್ಲೇ, ಬಿಲ್ಡಿಂಗಿನ ಅಡಿಯ ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಸ್ಟೂಲು ಹಾಕಿ, ಉದ್ದ ವಯರಿನಿಂದ ಕರೆಂಟು ಎಳೆದು, ಕಾರ್ಖಾನೆಯ ಕಾಲದ ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತರು. ನಾನು ಮೇಲೆ ಅಡಿಗೆಮನೆಯಲ್ಲಿ ಪಂಚಮಿಗೆ ಶೇಂಗಾ ಹುರಿಯುತ್ತಿದ್ದೆ. ಕಿಟಕಿ ತೆರೆದಿತ್ತು. ಒಂದು ಗಂಟೆ ಸದ್ದಿಲ್ಲ. ಆಮೇಲೆ ಕೆಳಗಿನಿಂದ, ಕಾರ್ಖಾನೆಯ ಮಷೀನುಗಳ ಗದ್ದಲದಲ್ಲಿ ಪಳಗಿದ ಗಂಟಲಿನಲ್ಲಿ ಒಂದು ಕೂಗು ಬಂತು:

"ಏ! ಕೇಳಿಲ್ಲೆ! ಏನ ಮಾಡಿದ್ರೂ ಹತ್ತವಲ್ದು! ತವರ ಖೊಟ್ಟಿ ಐತಿ!"

ನನ್ನ ಕೈಯಲ್ಲಿದ್ದ ಸೌಟು ನಿಂತಿತು. ಯಾರ ತವರು ಖೊಟ್ಟಿ? ಮೂವತ್ತು ವರ್ಷ ಸಂಸಾರ ಮಾಡಿ, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ, ಅದೂ ಅಪ್ಪನ ಕಾರಿನ ಪಕ್ಕದಲ್ಲೇ ಕೂತು! ಕಿಟಕಿಗೆ ಹೋಗಿ ತಲೆ ಹೊರಗೆ ಹಾಕಿದೆ.

"ಏನಂದ್ರಿ?"

"ತವರ ಖೊಟ್ಟಿ ಐತಿ ಅಂದೆ! ಪೂರಾ ಮೋಸ! ಇಂಥಾದ್ದನ್ನ ಯಾಕರ ಮನಿಗೆ ತಂದ್ನೋ!"

ಆಮೇಲೆ ನಾನು ಏನೇನು ಅಂದೆ ಎಂದು ಬರೆಯುವುದಿಲ್ಲ. ಅವರ ಮನೆತನದ ಏಳು ತಲೆಮಾರು ಅದರಲ್ಲಿ ಬಂದುಹೋದವು ಎಂದಷ್ಟೇ ಹೇಳಬಹುದು. ಶೇಂಗಾ ಸೀದ ವಾಸನೆ ಬಂದಾಗ ಗ್ಯಾಸ್ ಆರಿಸಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದೆ. ಅಷ್ಟರಲ್ಲಿ ಸೆಕ್ರೆಟರಿ ನನಗಿಂತ ಮೊದಲು ಅಲ್ಲಿ ಹಾಜರಿದ್ದರು. ಕನ್ನಡ ತಿಳಿದವರು, ಪಾಪ, ಕೂಗು ಅವರ ಮನೆಗೂ ಮುಟ್ಟಿತ್ತು.

"ಎಂತ ಮಾರಾಯ್ರೆ ಇದು? ಹೆಂಡ್ತಿಯ ತವರಿಗೆ ಹೀಗೆ ಕಂಪೌಂಡಿನಲ್ಲಿ ನಿಂತು ಹೇಳ್ಲಿಕ್ಕೆ ಉಂಟಾ? ಗಾಡಿ ಹೋದ್ರೆ ಗಾಡಿ ಹೋಯ್ತು, ಮನೆಯ ಮರ್ಯಾದೆ ಹೋಗ್ಬಾರ್ದು ಅಲ್ವಾ?"

ನಮ್ಮವರು ಕೈಯಲ್ಲಿ ಬೆಳ್ಳಿಯ ಬಣ್ಣದ ತಂತಿಯ ಸುರುಳಿ ಹಿಡಿದು ಬೆಪ್ಪಾಗಿ ನಮ್ಮಿಬ್ಬರನ್ನೂ ನೋಡಿದರು. "ಯಾರ ತವರು? ನಾ ಅಂದದ್ದು ಇದಕ್ಕ. ತವರ! ಲೋಹ! ಸೋಲ್ಡರಿನಾಗ ಆರು ಪಾಲು ತವರ, ನಾಕು ಪಾಲು ಸೀಸ ಇರ್ತೈತಿ. ಹೆಚ್ಚಿಗಿ ಇದ್ದದ್ದರ ಹೆಸರಲೇ ಕರೀಬೇಕಲ್ಲ?"

ನನಗೆ ಆ ಪದ ಗೊತ್ತೇ ಇರಲಿಲ್ಲ. ಸೆಕ್ರೆಟರಿ ಹೊಟ್ಟೆ ಹಿಡಿದು ನಕ್ಕರು. ನಾನು ನಗಲಿಲ್ಲ. ಏಳು ತಲೆಮಾರು ಬೈದದ್ದನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ಯೋಚಿಸುತ್ತಿದ್ದೆ. ಕೊನೆಗೆ, ಬೈದದ್ದು ಬೈದಾಯಿತು, ಮುಂದೆಂದಾದರೂ ಉಪಯೋಗಕ್ಕೆ ಬರುತ್ತದೆ ಎಂದು ಬಿಟ್ಟೆ.

"ತೋರಸ್ರಿ, ಏನಾಗೇತಿ," ಎಂದು ಸ್ಟೂಲಿನ ಹತ್ತಿರ ಕೂತೆ.

ಅವರು ಮಾಡುತ್ತಿದ್ದದ್ದು ಇಷ್ಟು. ಸ್ವಿಚ್ಚಿನ ಕೂದಲೆಳೆಯಂಥ ವಯರಿಗೆ ಮಾಡಿದ ಸಣ್ಣ ಕಡ್ಡಿಯನ್ನು ಕಾಯಿಸಿ, ಅದರ ತುದಿಯಲ್ಲಿ ತವರ ಕರಗಿಸಿ, ಬೆರಳಿನಷ್ಟು ದಪ್ಪದ ಕೇಬಲ್ಲಿನ ಮೇಲೆ ತೊಟ್ಟಿಕ್ಕಿಸುತ್ತಿದ್ದರು. ತಣ್ಣಗಿದ್ದ ತಾಮ್ರದ ಮೇಲೆ ಬಿದ್ದ ತವರ ಮಣಿಯಾಗಿ ಹೆಪ್ಪುಗಟ್ಟುತ್ತಿತ್ತು. ನೋಡಲು ಹತ್ತಿದ ಹಾಗೆ ಕಾಣುತ್ತಿತ್ತು, ನಾನು ಎರಡು ಬೆರಳಿನಿಂದ ಎಳೆದೆ, ಕೇಬಲ್ ಸುಳಕ್ಕನೆ ಕೈಗೆ ಬಂತು.

"ನೋಡಿದಿ? ಮಾಲ ಖೊಟ್ಟಿ," ಎಂದರು.

"ಕುಣೀಲಿಕ್ಕೆ ಬರದಾಕಿ ನೆಲ ಡೊಂಕ ಅಂದ್ಲಂತ," ಎಂದೆ. ಹೇಳಿದ್ದು ಸಿಟ್ಟಿನಿಂದ. ಆದರೆ ಹೇಳುತ್ತಿರುವಾಗಲೇ ಅಮ್ಮನ ಹಿತ್ತಾಳೆ ಪಾತ್ರೆಗಳು ಕಣ್ಣ ಮುಂದೆ ಬಂದವು.

ಚಾಳಿನ ಅಂಗಳದಲ್ಲಿ ದೀಪಾವಳಿಗೆ ಮುಂಚೆ ಕಲಾಯಿಯವನು ಬಂದು ಕೂರುತ್ತಿದ್ದ. ಪಾತ್ರೆಯ ಒಳಗೆ ಬೆಳ್ಳಗೆ ಲೇಪ ಹಚ್ಚುವವನು. ಅಮ್ಮ ಅವನ ಎದುರಿಗೇ ಮಣೆ ಹಾಕಿಕೊಂಡು ಕೂತು ಉಸ್ತುವಾರಿ ಮಾಡುತ್ತಿದ್ದಳು, ಪಾತ್ರೆ ಸರಿಯಾಗಿ ಕಾಯುವ ಮೊದಲೇ ಅವನು ಅವಸರಪಟ್ಟರೆ ಬೈಯುತ್ತಿದ್ದಳು. ಅವನು ಬೆಳ್ಳಿಯಂಥ ಕಡ್ಡಿಯನ್ನು ಬೆಂಕಿಗೆ ಹಿಡಿದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಬೆಂಕಿ ಪಾತ್ರೆಗೆ. ಕಾದ ಪಾತ್ರೆಗೆ ಕಡ್ಡಿ ಮುಟ್ಟಿಸಿದರೆ ಅದು ತಾನೇ ಕರಗಿ ಹರಿಯುತ್ತಿತ್ತು, ಅರಳೆಯಿಂದ ಒಮ್ಮೆ ಒರೆಸಿದರೆ ಪಾತ್ರೆ ಚಂದ್ರನ ಹಾಗೆ. ಈ ತವರವೇ ನನ್ನ ಕಲಾಯಿ. ಹೆಸರು ಗೊತ್ತಿರಲಿಲ್ಲವೇ ಹೊರತು ಆಸಾಮಿ ಪರಿಚಯದವನೇ.

"ಅಲ್ರೀ, ಎಣ್ಣಿ ಕಾಯೋಕಿಂತ ಮೊದಲ ಸಾಸಿವಿ ಹಾಕಿದ್ರ ಚಟಪಟ ಅಂತಾವೇನು? ನೀವು ತವರ ಕಾಯಸಾಕ ಹತ್ತೀರಿ. ಕಾಯಸಬೇಕಾದ್ದು ಟೋಪಿ. ಮನಿ ಬೆಚ್ಚಗಿದ್ರ ತವರು ತಾನ ಬಂದು ಕೂಡತೈತಿ. ನಡೀರಿ ಮ್ಯಾಲೆ."

ಸೂಪರ್‌ವೈಸರ್ ಸಾಹೇಬರು ಸೆಕ್ರೆಟರಿಯ ಮುಖ ಒಮ್ಮೆ ನೋಡಿ ಸ್ಟೂಲು ಎತ್ತಿಕೊಂಡರು.

ಹಬ್ಬದ ದಿನ ಹಪ್ಪಳ ಕರಿಯಲು ನಾನು ಗ್ಯಾಲರಿಯಲ್ಲಿ ಇಡುವ ಸಣ್ಣ ಸಿಲಿಂಡರಿನ ಒಂಟಿ ಒಲೆ ಇತ್ತು. ಸೀಸದ ಹೊಗೆ ಒಳಗೆ ಬರಬಾರದೆಂದು ಅಲ್ಲೇ ಕೂತೆವು. ಟೋಪಿಗಳನ್ನೂ ಕೇಬಲ್ಲಿನ ತುದಿಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಒಣಗಿಸಿದೆ, ಬೆಸುಗೆಗೆ ಮೊದಲು ಹಚ್ಚುವ ಅವರ ಪೇಸ್ಟು ಸವರಿದೆ. ಮೊದಲು ಕೇಬಲ್ಲಿನ ತುದಿಯನ್ನು ಕಾಯಿಸಿ ಕಲಾಯಿ ಹಿಡಿಸಿದೆವು. ಆಮೇಲೆ ಅವರು ಇಕ್ಕಳದಲ್ಲಿ ಟೋಪಿ ಹಿಡಿದು ಸಣ್ಣ ಉರಿಯ ಮೇಲೆ ಕಾಯಿಸಿದರು, ನಾನು ಬಟ್ಟಲಿಗೆ ತಂತಿ ಮುಟ್ಟಿಸಿದೆ. ಒಂದು ಸಲ ಏನೂ ಆಗಲಿಲ್ಲ. ಇನ್ನೊಂದು ಸಲವೂ ಇಲ್ಲ. ಮೂರನೇ ಸಲ ತಂತಿ ಮೆತ್ತಗಾಗಿ, ತುಪ್ಪದ ಹಾಗೆ ಕರಗಿ, ಬಟ್ಟಲು ತುಂಬಾ ಹರಿದು ಹೊಳೆಯಿತು. ಕೇಬಲ್ಲಿನ ರಬ್ಬರಿಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದೆ, ತುದಿಯನ್ನು ಅದರೊಳಗೆ ಇಳಿಸಿದೆ.

"ಅಳ್ಳಾಡಿಸಬ್ಯಾಡ! ಘನರೂಪಕ್ಕ ಬರೂತನಕ ಅಳ್ಳಾಡಿಸಬ್ಯಾಡ!"

"ನೀವು ಮಾತಾಡಬ್ಯಾಡ್ರಿ, ನಗು ಬಂದ್ರ ಅಳ್ಳಾಡತೈತಿ."

ಉಸಿರು ಹಿಡಿದು ಕೂತೆವು. ಆರಿದ ಮೇಲೆ ನಾನು ಎಳೆದೆ, ಬರಲಿಲ್ಲ. ಅವರು ಕಾಲು ಗೋಡೆಗೆ ಒದ್ದು ಎಳೆದರು, ಬರಲಿಲ್ಲ. ಎರಡನೆಯದೂ ಹಾಗೆಯೇ ಆಯಿತು. ಅಷ್ಟು ಖುಷಿ ನನಗೆ ಬ್ಯಾಂಕಿನಲ್ಲಿ ಪ್ರಮೋಷನ್ ಸಿಕ್ಕಾಗಲೂ ಆಗಿರಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರೂ ಕೆಳಗಿಳಿದೆವು. ಅವರು ಬಾನೆಟ್ ಎತ್ತಿದರು. ನಾನು ಕೊಡೆ ಹಿಡಿದು ನಿಂತಿದ್ದೆ, ಮೇಲೆ ನೋಡಿದರೆ ಬಾನೆಟ್ಟಿನ ಒಳಮೈಯಲ್ಲಿ ಅಪ್ಪನ ಕೈಬರಹ. ಬಿಳಿ ಪೇಂಟಿನಲ್ಲಿ, ಮಾಸಿದ್ದರೂ ಓದಲು ಬರುವಂತೆ: ಪ್ಲಸ್ ಬಾಡಿಗೆ. ಎಷ್ಟೋ ವರ್ಷಗಳ ಮೇಲೆ ನೋಡಿದ್ದು.

"ಅಪ್ಪ ಬರದದ್ದು ಹಂಗ ಐತಿ ನೋಡ್ರಿ."

ನಮ್ಮವರು ಅತ್ತ ನೋಡದೆ ಬ್ಯಾಟರಿ ಒರೆಸುತ್ತಾ, "ಇರ್ಲಿ ಬಿಡು," ಎಂದರು. "ಹಳೇದೆಲ್ಲ ಈಗ್ಯಾಕ? ಮಾಡಬೇಕಾಗ್ತಿತ್ತು, ಮಾಡಿದ್ರು. ಅದರಾಗ ನಾಚಿಕಿ ಏನೈತಿ?"

"ಏನು ಮಾಡಿದ್ರು?"

"ಅದ... ಗಾಡಿ ಬಾಡಿಗಿಗೆ ಬಿಡತಿದ್ರಲ್ಲ. ಪೆಟ್ರೋಲು, ಪ್ಲಸ್ ಬಾಡಿಗೆ."

ನಾನು ಅವರ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ಅಪ್ಪ ಹೆಮ್ಮೆಯಿಂದ ಬಾನೆಟ್ ಎತ್ತಿ ಇಂಜಿನ್ ತೋರಿಸಿದ್ದರಂತೆ. ಆಗ ಇವರು ಇದನ್ನು ಓದಿದ್ದರಂತೆ. ಸಾಹೇಬರು ಪ್ರೀತಿಯಿಂದ ಕೊಟ್ಟ ಕಾರನ್ನು ಮದುವೆ ಮುಂಜಿಗೆ ಬಾಡಿಗೆಗೆ ಓಡಿಸಿ ಸಂಸಾರ ನಡೆಸುತ್ತಿದ್ದಾರೆ ಪಾಪ ಎಂದು ಮರುಗಿ, ಮನೆಗೆ ಹೋಗಿ ತಮ್ಮ ತಂದೆಗೆ, ಆ ಮನೆಯವರ ಹತ್ತಿರ ವರದಕ್ಷಿಣೆ ಕೇಳಿದರೆ ನಾನು ಮದುವೆಯೇ ಆಗುವುದಿಲ್ಲ ಅಂದುಬಿಟ್ಟರಂತೆ. ನನಗೆ ಬೇಜಾರಾದೀತೆಂದು ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ.

ಇಷ್ಟು ವರ್ಷ ನಾನಾದರೋ ಇವರನ್ನು ತತ್ತ್ವಕ್ಕಾಗಿ ವರದಕ್ಷಿಣೆ ಬಿಟ್ಟ ಆದರ್ಶ ಪುರುಷ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ!

"ಅಯ್ಯ ನಿಮ್ಮ! ಅದು ಬಾಡಿಗಿ ಅಲ್ರೀ, ಬಾಡಿಗೆ! ಗಾಡಿ ಮೈಗೆ, ಬಾಡಿ-ಗೆ! ಪ್ಲಸ್ ವಯರು ಬಾಡಿಗೆ ಹಚ್ಚಬೇಕು ಅಂತ ಬರದಾರ!"

ಕೊಡೆ ಬಿಟ್ಟು ಮಡ್‌ಗಾರ್ಡ್ ಹಿಡಿದು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದರಲ್ಲಿ ಕೆಲವು ಹನಿ ನಗುವಿನವಲ್ಲ. ನನ್ನ ಅಪ್ಪನ ಬಡತನ ಎಂದು ತಿಳಿದು, ಅದನ್ನು ಮುಚ್ಚಿಟ್ಟುಕೊಂಡು ಕಾಪಾಡಿದ ಈ ಮನುಷ್ಯನ ಮೇಲೆ ನನಗೆ ಬಂದ ಪ್ರೀತಿಯನ್ನು ಅಲ್ಲೇ ಹೇಳಬೇಕಿತ್ತು. ಅದರ ಬದಲು ಅವರ ಬೆನ್ನಿಗೆ ಒಂದು ಗುದ್ದು ಕೊಟ್ಟೆ.

ಅವರು ಮಾತ್ರ ನಗುತ್ತಿರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಬಿಳಿಚಿಕೊಂಡಿದ್ದರು. ಈಗಿನ ಕಾರುಗಳಲ್ಲಿ ಕಾರಿನ ಮೈಗೆ, ಅಂದರೆ ಬಾಡಿಗೆ, ಹೋಗುವುದು ಮೈನಸ್ ವಯರು. ಆ ಕಾಲದ ಕೆಲವು ವಿಲಾಯತಿ ಗಾಡಿಗಳಲ್ಲಿ ಅದು ಉಲ್ಟಾ, ಪ್ಲಸ್ಸೇ ಬಾಡಿಗೆ. ಗೊತ್ತಿಲ್ಲದವನು ಕೈ ಹಾಕಿ ಕೆಡಿಸಬಾರದೆಂದು ಅಪ್ಪ ಬರೆದಿಟ್ಟದ್ದು. ಎರಡೂ ಕೇಬಲ್ ಕರಿಬಣ್ಣದವು, ಬಿಚ್ಚುವಾಗ ಇವರು ಗುರುತು ಮಾಡಿರಲಿಲ್ಲ. ಈಗಿನ ಪದ್ಧತಿಯೇ ಇರಬೇಕೆಂದು ಮೈನಸ್ಸಿನ ಸಣ್ಣ ಟೋಪಿಯನ್ನು ಬಾಡಿಯ ಕೇಬಲ್ಲಿಗೆ, ಪ್ಲಸ್ಸಿನ ದೊಡ್ಡ ಟೋಪಿಯನ್ನು ಇನ್ನೊಂದಕ್ಕೆ ನಾವು ಭದ್ರವಾಗಿ ಬೆಸೆದು, ಕಾಲು ಒದ್ದು ಎಳೆದು ಪರೀಕ್ಷೆ ಮಾಡಿ ಬಂದಿದ್ದೆವು. ಹಾಗೇ ಹಾಕಿದ್ದರೆ ಏನೇನು ಸುಡುತ್ತಿತ್ತೋ, ಭಾನುವಾರ ಕ್ರೇನಿಗೆ ನಾವೇ ದಾರಿ ತೋರಿಸಬೇಕಾಗುತ್ತಿತ್ತು.

"ನಿಮ್ಮಪ್ಪ ನನ್ನ ಉಳಿಸಿದ್ರು," ಎಂದರು ಮೆಲ್ಲಗೆ.

ಮತ್ತೆ ಗ್ಯಾಲರಿ, ಮತ್ತೆ ಒಂಟಿ ಒಲೆ. ಟೋಪಿ ಕಾಯಿಸಿ, ತವರ ಕರಗಿಸಿ, ಕೇಬಲ್ ಹೊರಗೆಳೆದು ಅದಲುಬದಲು ಮಾಡಿದೆವು. ಈ ಸಲ ಅವರು ಪುಸ್ತಕದ ಕನ್ನಡ ಆಡಲಿಲ್ಲ. ನಾನು ಹಿಡಿ ಅಂದರೆ ಹಿಡಿದರು, ಬಿಡು ಅಂದರೆ ಬಿಟ್ಟರು. ಮೂವತ್ತು ವರ್ಷದಲ್ಲಿ ಅಂಥ ಮಧ್ಯಾಹ್ನ ಅದೊಂದೇ.

ಶನಿವಾರ ಸಂಜೆಯಿಂದ ಬಿಡದೆ ಸುರಿದ ಮಳೆಯಲ್ಲಿ ಗಾಡಿ ಸ್ಟಾರ್ಟ್ ಮಾಡಿ ನೋಡಲು ಆಗಿರಲಿಲ್ಲ. ಭಾನುವಾರ ಹತ್ತಕ್ಕೆ ಐದು ನಿಮಿಷ ಇದ್ದಾಗ ಗೇಟಿನ ಹೊರಗೆ ಕ್ರೇನು ಬಂದು ನಿಂತಿತ್ತು. ಸೆಕ್ರೆಟರಿ ಕೊಡೆ ಹಿಡಿದು ನಿಂತಿದ್ದರು, ಗ್ಯಾಲರಿಗಳಲ್ಲಿ ಚಹಾ ಕಪ್ಪು ಹಿಡಿದ ಜನ. ನಾನು ಅಪ್ಪನ ಸೀಟಿನಲ್ಲಿ ಕೂತೆ. ಅವರು ಎರಡು ಟೋಪಿಗಳನ್ನೂ ಕೂರಿಸಿ, ನೆತ್ತಿಯ ಸ್ಕ್ರೂ ಬಿಗಿದು, ಬಾನೆಟ್ ಇಳಿಸಿ ಕೈ ಮೇಲೆತ್ತಿದರು. ಚೋಕ್ ಎಳೆದೆ. ಅಪ್ಪಾ, ಮಾನ ಉಳಿಸು ಎಂದು ಸ್ಟಾರ್ಟರಿನ ಗುಂಡಿ ಎಳೆದೆ.

ಇಂಜಿನ್ ಗರಗರ ತಿರುಗಿತು, ಸೀನಿತು, ನಿಂತಿತು. ಗ್ಯಾಲರಿಯಲ್ಲಿ ಯಾರೋ ಅಯ್ಯೋ ಅಂದರು. ಎರಡನೇ ಸಲ ಎಳೆದೆ. ತಿರುಗಿತು, ಕೆಮ್ಮಿತು, ಹಿಂದಿನಿಂದ ಒಂದು ದೊಡ್ಡ ಹೊಗೆ ಬಿಟ್ಟು, ಅಪ್ಪ ಬೆಳಿಗ್ಗೆ ಫೋರ್ಟಿಗೆ ಹೊರಡುವಾಗ ಕೇಳುತ್ತಿದ್ದ ಅದೇ ಸದ್ದಿನಲ್ಲಿ ಹಿಡಿದುಕೊಂಡಿತು. ಕ್ಲಚ್ಚು ಒತ್ತಿ ಗೇರು ಹಾಕಿದೆ.

ಗೇಟಿನವರೆಗೆ ಹೋದೆ. ಕ್ರೇನಿನವನು ದಾರಿ ಬಿಟ್ಟು ಹಿಂದೆ ಸರಿದ. ತಿರುಗಿಸಿಕೊಂಡು ವಾಪಸು ಬಂದೆ. ಸೆಕ್ರೆಟರಿ ಮಾತು ಕೊಟ್ಟಂತೆ ಕೊಡೆ ಕಂಕುಳಿಗೆ ಸಿಕ್ಕಿಸಿ ಮಳೆಯಲ್ಲೇ ಚಪ್ಪಾಳೆ ಹೊಡೆದರು. ನಮ್ಮವರು ಬಾನೆಟ್ ಎತ್ತಿ ಒಳಗೆ ಬಾಗಿ, ಬೆಸುಗೆ ಬಿಸಿಯಾಗಿದೆಯೇ ಎಂದು ಎರಡೂ ಟೋಪಿಗಳನ್ನು ಮುಟ್ಟಿ ನೋಡಿದರು. ಬೆಸುಗೆ ಸರಿಯಿಲ್ಲದಿದ್ದರೆ ಅದು ಕಾಯುತ್ತದಂತೆ. ಆಮೇಲೆ ನೆಟ್ಟಗೆ ನಿಂತು, ಅದೇ ಕಾರ್ಖಾನೆಯ ಗಂಟಲಿನಲ್ಲಿ, ಏಳನೇ ಮಹಡಿಗೂ ಕೇಳುವ ಹಾಗೆ ಕೂಗಿದರು:

"ಏ! ಕೇಳಿಲ್ಲೆ! ನಿನ್ನ ತವರ ಭಾಳ ಗಟ್ಟಿ ಐತಿ!"

ಈ ಸಲ ನಾನು ಬೈಯಲಿಲ್ಲ. ಹಾರ್ನ್ ಒತ್ತಿದೆ. ಅದೂ ಕೆಲಸ ಮಾಡಿತು.